ನೀಲಿ ಸೊಪ್ಪು

ಸಾದಲಿ ಹೋಬಳಿ,
ಶಿಡ್ಲಘಟ್ಟ ತಾಲ್ಲೂಕು.
23 ನವೆಂಬರ್ 2024, ಶನಿವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ನಿಜವಾಗಿಯೂ ಕಡಿಮೆಯಾಗಿದೆಯೋ, ಇಲ್ಲ ಎಂದಿನಂತೆ ಕಡಿಮೆಯಾಗಿದೆ ಎಂದು ಹೇಳಿ ನಮ್ಮನ್ನು ಸಾಗಹಾಕುತ್ತಿದ್ದೀಯೋ? ಕಾಶ್ಮೀರದಲ್ಲಿ ಹಿಮ ಬೀಳುವುದನ್ನು ಟೀವಿಯಲ್ಲಿ ತೋರಿಸಿದ ದಿನದಿಂದ ಅಮ್ಮ ಎರಡು ಕಂಬಳಿ ಹೊದ್ದು ಮಲಗುತ್ತಿದ್ದಾಳೆ. ಇಲ್ಲಿ ಅವಳಿಗೆ ಬೆಚ್ಚಗಾದರೆ ಅಲ್ಲಿ ನಿನಗೂ ಬೆಚ್ಚಗಾಗುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ಹುರಿಹಿಟ್ಟಿನ ಡಬ್ಬಿ ತಲುಪಿತೇ? ನಿನ್ನ ಬ್ಯಾರಕ್ಕಿನ ಆ ಪಂಜಾಬಿನ ಸಿಪಾಯಿ ಕಳೆದ ಸಲದಂತೆ ಒಬ್ಬನೇ ಮುಗಿಸದಿರಲಿ. ಅಪ್ಪ ಮಂಡಿ ಹಿಡಿದಾಗಲೆಲ್ಲ ಡಾಕ್ಟರನ್ನು ಬೈಯುತ್ತಾರೆ, ಅಂದರೆ ಚೆನ್ನಾಗಿದ್ದಾರೆ ಎಂದೇ ಅರ್ಥ. ಅತ್ತಿಗೆಯ ಕೆಮ್ಮು ನಿಂತಿದೆ. ನಾನು ಇದ್ದ ಹಾಗೇ ಇದ್ದೇನೆ. ಚಿಂತಾಮಣಿಯಿಂದ ಬಂದಿದ್ದ ಇನ್ನೊಂದು ಸಂಬಂಧವನ್ನೂ ಓಡಿಸಿದೆ. ಹುಡುಗ ನಾನು ಬರೆದ ಚಿತ್ರಗಳನ್ನೆಲ್ಲ ನೋಡಿ, ಫ್ರೇಮು ಎಲ್ಲಿ ಹಾಕಿಸಿದ್ದು ಎಂದು ಮಾತ್ರ ಕೇಳಿದ. ಬುಜ್ಜಿಯೂ ಚೆನ್ನಾಗಿದ್ದಾಳೆ ಎಂದು ಇದರ ಮುಂದೆ ಬರೆಯಬೇಕಿತ್ತು. ಬರೆಯಲು ಕೈ ಬರುತ್ತಿಲ್ಲ.

ನೀನು ಫೋನ್ ಮಾಡಿದಾಗಲೆಲ್ಲ ಮಗಳು ಮಲಗಿದ್ದಾಳೆ, ಪಕ್ಕದ ಮನೆಗೆ ಆಡಲು ಹೋಗಿದ್ದಾಳೆ, ಸ್ನಾನಕ್ಕೆ ಕೂತಿದ್ದಾಳೆ ಎಂದು ನಾವು ಹೇಳುತ್ತಿದ್ದೇವಲ್ಲ, ಅದೆಲ್ಲ ಸುಳ್ಳು. ಅವಳು ಅಲ್ಲೇ, ನಡುಮನೆಯ ಕಂಬದ ಹಿಂದೆಯೇ ಇರುತ್ತಾಳೆ. ಎಷ್ಟು ಕರೆದರೂ ಫೋನಿನ ಹತ್ತಿರ ಬರುವುದಿಲ್ಲ. ಸ್ಪೀಕರ್ ಹಾಕಿಕೊಂಡು ಅಪ್ಪ, ಅಮ್ಮ, ಅತ್ತಿಗೆ ಎಲ್ಲರೂ ಸುತ್ತ ಕೂತಿರುವಾಗ ಇದನ್ನು ನಿನಗೆ ಹೇಗೆ ಹೇಳಲಿ? ರೇಷ್ಮೆಹುಳುವಿಗೆ ಹಾಲುರೋಗ ಬಂತು, ಈ ಸಲದ ಬೆಳೆ ಪೂರ್ತಿ ಹೋಯಿತು ಎಂದಷ್ಟೇ ನಿನಗೆ ಹೇಳಿದೆವು. ನೀನು, ಹೋದರೆ ಹೋಗಲಿ ಬಿಡಿ, ಮುಂದಿನ ಬೆಳೆ ನೋಡೋಣ ಎಂದೆ. ಎಲ್ಲರೂ ತಲೆಯಾಡಿಸಿದರು. ಅಸಲು ವಿಷಯ ಬೇರೆ ಇದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಮೊದಲಿಂದ ಹೇಳುತ್ತೇನೆ, ಸಹಿಸಿಕೋ. ಜೂನ್‌ನಲ್ಲಿ ನಮ್ಮೂರ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದಾಗ, ಒಂದರಿಂದ ಮೂರನೇ ತರಗತಿಯವರೆಗೆ ಎಲ್ಲವನ್ನೂ ಕಲಿಸುವುದರ ಜೊತೆಗೆ ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ ಚಿತ್ರಕಲೆಯನ್ನೂ ಕಲಿಸುತ್ತೇನೆ ಎಂದು ನಾನೇ ಕೇಳಿಕೊಂಡಿದ್ದೆ. ಹೆಡ್ ಮೇಷ್ಟ್ರು ಗಂಗರಾಜು ಸರ್, ಮಕ್ಕಳು ಗಲಾಟೆ ಮಾಡದಿದ್ದರೆ ಸರಿಯಮ್ಮ ಎಂದರು. ಅಪ್ಪನ ಎದುರು ನಿಂತು ನನ್ನನ್ನು ಡ್ರಾಯಿಂಗ್ ಡಿಪ್ಲೊಮಾಕ್ಕೆ ಕಳಿಸಿದವನು ನೀನು. ಅದು ಕೊನೆಗೂ ಒಂದು ಕೆಲಸಕ್ಕೆ ಬಂತಲ್ಲ ಎಂದು ನನಗೆ ಎಷ್ಟು ಖುಷಿಯಾಗಿತ್ತು ಗೊತ್ತೇ? ಮೊದಲ ದಿನ ನಿಮಗಿಷ್ಟವಾದ ಚಿತ್ರ ಬರೆಯಿರಿ ಎಂದೆ. ಇಡೀ ಕ್ಲಾಸು ಒಂದೇ ಚಿತ್ರ ಬರೆಯಿತು. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಹೊಳೆಯಲ್ಲಿ ದೋಣಿ. ನಮ್ಮ ತಾಲ್ಲೂಕಿನಲ್ಲಿ ಹೊಳೆ ಎಲ್ಲಿದೆ, ದೋಣಿ ಎಲ್ಲಿದೆ? ಬೋರ್‌ವೆಲ್ಲಿಗೇ ನೀರಿಲ್ಲ. ಅವತ್ತೇ ದೋಣಿಯನ್ನು ನಿಷೇಧಿಸಿದೆ. ನಿಮ್ಮ ಮನೆಯ ಹಿಂದೆ ಏನಿದೆಯೋ ಅದನ್ನು ನೋಡಿಕೊಂಡು ಬಂದು ಬರೆಯಿರಿ ಎಂದೆ. ಮಾರನೆಯ ದಿನ ಬಂತು ನೋಡು ಚಿತ್ರ: ಹಾವಿನ ಹಾಗೆ ಸುತ್ತಿಟ್ಟ ಡ್ರಿಪ್ ಪೈಪು, ಟೊಮೆಟೊ ಕ್ರೇಟು, ಐದು ಕಾಲಿನ ಮೇಕೆ. ಐದನೇ ಕಾಲು ಯಾಕಪ್ಪ ಎಂದರೆ, ಬರೆದ ಹುಡುಗ, ಅದು ಓಡ್ತಾ ಇದೆ ಮಿಸ್ ಎಂದ. ನಾನು ಆ ಹಾಳೆಯನ್ನು ಮನೆಗೆ ತಂದು ಎತ್ತಿಟ್ಟುಕೊಂಡೆ.

ನನ್ನ ಕ್ಲಾಸಿನಲ್ಲಿ ಒಂದು ನಿಯಮವಿತ್ತು. ಯಾವ ಮಗುವಿಗೂ ತಪ್ಪು ಎನ್ನಬಾರದು. ಏನು ಕೇಳಿದರೂ ಆಗಲ್ಲ ಎನ್ನಬಾರದು, ಮಾಡಿ ನೋಡೋಣ ಎನ್ನಬೇಕು. ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟದ್ದೇ ಅದು. ಚಿಕ್ಕ ಮಕ್ಕಳಿಗೆ ಚಿತ್ರ ಕಲಿಸುವಾಗ ಅರ್ಧ ಕೆಲಸ ಬಾಯಿ ಮುಚ್ಚಿಕೊಂಡಿರುವುದು, ಇನ್ನರ್ಧ ಹಾಳೆ ಹೊಂದಿಸುವುದು. ಹಳೇ ಕ್ಯಾಲೆಂಡರಿನ ಹಿಂಬದಿ, ಮದುವೆ ಕಾರ್ಡು, ತೂತುಬಿದ್ದ ರೇಷ್ಮೆಗೂಡು, ಏನು ಸಿಕ್ಕರೂ ನಮಗೆ ನಡೆಯುತ್ತಿತ್ತು. ಗೂಡುಗಳನ್ನು ಕತ್ತರಿಸಿ ಮಕ್ಕಳು ಕೋಳಿಮರಿ ಮಾಡಿದರು, ಹೂ ಮಾಡಿದರು, ಒಬ್ಬಳು ಅವರಜ್ಜನ ಹಲ್ಲಿನ ಸೆಟ್ಟು ಮಾಡಿದಳು. ಆ ದಿನಗಳಲ್ಲಿ ನಾನು ಬೆಳಗ್ಗೆ ಎದ್ದು ಶಾಲೆಗೆ ಓಡುತ್ತಿದ್ದೆ ಅಣ್ಣ, ನಿಜವಾಗಿಯೂ ಓಡುತ್ತಿದ್ದೆ. ಅಮ್ಮ ನೋಡಿ, ಇವಳಿಗೆ ವಯಸ್ಸು ಹಿಂದಕ್ಕೆ ಹೋಗ್ತಾ ಇದೆ ಎಂದು ಆಡಿಕೊಳ್ಳುತ್ತಿದ್ದಳು.

ಬುಜ್ಜಿಯ ವಿಷಯ ನಾನು ಅತ್ತೆ ಎಂದು ಹೇಳುತ್ತಿಲ್ಲ, ಮಿಸ್ ಎಂದು ಹೇಳುತ್ತಿದ್ದೇನೆ. ಎರಡನೇ ಕ್ಲಾಸಿನ ಜೋಷಿತ ಎಂಬ ಆ ಹುಡುಗಿಗೆ ಇದ್ದ ಕಣ್ಣು ಬೇರೆ ಯಾರಿಗೂ ಇರಲಿಲ್ಲ. ಆಗಸ್ಟಿನಲ್ಲಿ ಒಂದು ದಿನ, ನಿಮ್ಮ ಮನೆಯ ಒಳಗೆ ಏನು ನಡೆಯುತ್ತೆ ಬರೆಯಿರಿ ಎಂದಿದ್ದೆ. ಅವಳು ಹಾಳೆಯ ತುಂಬ ಕಂದು ಬಣ್ಣದ ಸಣ್ಣ ಸಣ್ಣ ಗೀರು ಹಾಕಿ ತಂದಳು. ಒಂದು ಚೂರು ಜಾಗ ಬಿಟ್ಟಿರಲಿಲ್ಲ. ಗಂಗರಾಜು ಸರ್ ನೋಡಿ, ಹಾಳೆ ಗಲೀಜು ಮಾಡ್ಕೊಂಡಿದ್ದೀಯಲ್ಲಮ್ಮ ಎಂದರು. ಅವಳು ನನ್ನ ಕಿವಿಯ ಹತ್ತಿರ ಬಂದು, ಹುಳ ಸೊಪ್ಪು ತಿನ್ನೋ ಸದ್ದು ಮಿಸ್ ಎಂದಳು. ನಾವೆಲ್ಲ ಆ ಹುಳುಮನೆಯಲ್ಲೇ ಹುಟ್ಟಿ ಬೆಳೆದವರು. ಆ ಸದ್ದನ್ನು ಕೇಳಿಕೊಂಡೇ ನಿದ್ದೆ ಮಾಡಿದವರು. ಅದನ್ನು ಬರೆಯಬಹುದು ಎಂದು ನಿನಗೆ ಹೊಳೆದಿತ್ತೇ, ನನಗೆ ಹೊಳೆದಿತ್ತೇ? ಈ ಮಗುವನ್ನು ಚೆನ್ನಾಗಿ ನೋಡಿಕೊಂಡರೆ ಸಾಕು, ನನ್ನ ಓದು ಸಾರ್ಥಕ ಎಂದುಕೊಂಡೆ. ಇನ್ನು ಮುಂದೆ ಬರೆಯುವುದನ್ನು ಓದುವಾಗ ಅದನ್ನೂ ನೆನಪಿಟ್ಟುಕೋ.

ದೀಪಾವಳಿ ಆದ ಮೇಲಿನ ವಾರ ಎಲೆಯ ಅಚ್ಚು ಹೇಳಿಕೊಟ್ಟೆ. ಎಲೆಯ ಹಿಂಬದಿಗೆ, ನರ ಉಬ್ಬಿರುವ ಕಡೆಗೆ, ತೆಳ್ಳಗೆ ಬಣ್ಣ ಬಳಿದು ಹಾಳೆಯ ಮೇಲಿಟ್ಟು ಅಂಗೈಯಲ್ಲಿ ಒತ್ತಿದರೆ ಎಲೆ ತಾನೇ ತನ್ನ ಚಿತ್ರ ಬಿಡಿಸಿಕೊಳ್ಳುತ್ತದೆ. ಮಕ್ಕಳಿಗೆ ಅದೊಂದು ಜಾದೂ. ಊರಲ್ಲಿ ಸುಲಭವಾಗಿ ಸಿಗುವುದು ಹಿಪ್ಪುನೇರಳೆ ಸೊಪ್ಪು, ಅದನ್ನೇ ತಂದೆವು. ಚಿಂತಾಮಣಿಯಿಂದ ತಂದ ಪೋಸ್ಟರ್ ಕಲರ್ ತಟ್ಟೆಗೆ ಸುರಿದೆ. ಕೆಂಪು ಸೊಪ್ಪು, ಹಳದಿ ಸೊಪ್ಪು, ನೀಲಿ ಸೊಪ್ಪು ಎಂದು ಕೂಗಾಡುತ್ತ ಎಲ್ಲರೂ ಮೊಣಕೈವರೆಗೆ ಬಣ್ಣ ಮಾಡಿಕೊಂಡರು. ಆಗ ಬುಜ್ಜಿ ಎದ್ದು ನಿಂತು ಕೇಳಿದಳು. ಹಸಿರು ಸೊಪ್ಪು ತಿಂದರೆ ಹುಳ ಬಿಳೀ ಗೂಡು ಕಟ್ಟುತ್ತಲ್ಲ ಮಿಸ್, ನೀಲಿ ಸೊಪ್ಪು ತಿಂದರೆ ನೀಲಿ ಗೂಡು ಕಟ್ಟುತ್ತಾ ಎಂದು. ನನಗೆ ಅಲ್ಲೇ ಅವಳನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು. ಎಂಥ ಪ್ರಶ್ನೆ! ರೇಷ್ಮೆಯ ಮೇಲೆ ಡಿಸೈನ್ ಮಾಡುವ ದೊಡ್ಡವರೆಲ್ಲ ಕೇಳಬೇಕಾದ ಪ್ರಶ್ನೆ. ನಾನು ನಗುತ್ತ, ಕಟ್ಟಬಹುದೇನೋ, ಮಾಡಿ ನೋಡೋಣ ಎಂದೆ. ಬೇರೆ ಯಾವ ಊರಲ್ಲಿ ಈ ಮಾತು ಆಡಿದ್ದರೂ ಏನೂ ಆಗುತ್ತಿರಲಿಲ್ಲ. ಹುಳು ಸಾಕುವ ಊರಲ್ಲಿ, ಹುಳು ಸಾಕುವ ಮನೆಯ ಮಗಳು, ಹುಳು ಸಾಕುವ ಮನೆಯ ಮಗುವಿಗೆ ಆಡಿದೆ. ನಮ್ಮ ಮನೆಯಲ್ಲಿ ಹುಳು ಇದ್ದಾಗ ಊದುಬತ್ತಿ ಹಚ್ಚುವುದಿಲ್ಲ, ಮೆಣಸಿನಕಾಯಿ ಹುರಿಯುವುದಿಲ್ಲ, ಪೌಡರ್ ಹಾಕಿಕೊಂಡವರನ್ನು ಬಾಗಿಲಿಗೂ ಬಿಡುವುದಿಲ್ಲ. ಅದೆಲ್ಲ ನನ್ನ ರಕ್ತದಲ್ಲಿರುವ ವಿಷಯ. ಆದರೂ ಕ್ಲಾಸಿನಲ್ಲಿ ನಿಂತಾಗ ನಾನು ಟೀಚರ್ ಮಾತ್ರ ಆಗಿದ್ದೆ. ಅದು ಮಕ್ಕಳಾಟದ ಮಾತು ಎಂದುಕೊಂಡೆ.

ಅವಳಿಗೆ ಅದು ಆಟವಾಗಿರಲಿಲ್ಲ. ಅವತ್ತು ಸಂಜೆ ಅತ್ತಿಗೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಾಗ ಇವಳೂ ಹೋಗಿದ್ದಾಳೆ. ನಾಲ್ಕನೇ ಜ್ವರದ ಪೊರೆ ಕಳಚಿ ಎದ್ದ ಹುಳು, ಎಷ್ಟು ಹಾಕಿದರೂ ಸಾಲದು ಎನ್ನುವ ಹಸಿವು, ಅತ್ತಿಗೆಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಬುಜ್ಜಿ ನಾವು ಕಲಿಸಿದ ಹಾಗೇ ಬಾಗಿಲಲ್ಲಿ ಕಾಲು ತೊಳೆದು, ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ, ಒರೆಸಿಕೊಂಡು ಒಳಗೆ ಹೋಗಿ, ಆಮೇಲೆ ಫ್ರಾಕಿನ ಜೇಬಿನಿಂದ ನೀಲಿ ಸೊಪ್ಪು ತೆಗೆದಿದ್ದಾಳೆ. ಸ್ಟ್ಯಾಂಡಿನ ಕೆಳಗಿನ ಹಂತದ ಮೂಲೆಯಲ್ಲಿ ಒಂದು ಹಿಡಿ ಎಲೆಯನ್ನು ಒಂದರ ಮೇಲೊಂದು ಬೀಳದ ಹಾಗೆ ಹರಡಿದ್ದಾಳೆ. ಯಾಕೆ ಎಂದು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಅವಳಮ್ಮನಿಗೆ ನೀಲಿ ಸೀರೆಗಂತೆ. ಎಲ್ಲ ಹುಳುವಿಗೂ ಹಾಕಿದರೆ ಎಲ್ಲ ನೀಲಿಯೇ ಆಗಿಬಿಡುತ್ತೆ, ಅದಕ್ಕೇ ಒಂದು ಮೂಲೆಗೆ ಮಾತ್ರ.

ಆ ಮೂಲೆಯ ಹುಳುಗಳು ನೀಲಿ ಎಲೆಯನ್ನು ಮುಟ್ಟಿಯೇ ಇರಲಿಲ್ಲ ಅಣ್ಣ. ನಾನು ನೋಡಿದೆ. ಎಲೆಗಳು ಒಣಗಿ ಸುರುಳಿಕೊಂಡು ಹಾಗೇ ಬಿದ್ದಿದ್ದವು, ಹುಳು ಪಕ್ಕಕ್ಕೆ ಸರಿದು ಬೇರೆ ಸೊಪ್ಪು ಮೇಯ್ದಿದ್ದವು. ಹುಳುವಿಗೆ ನನಗಿಂತ ಬುದ್ಧಿ ಇತ್ತು. ಆದರೆ ಹಾಲುರೋಗ ಅಷ್ಟರಲ್ಲೇ ಮನೆಯೊಳಗೆ ಬಂದಾಗಿತ್ತು. ಒಂದೆರಡು ದಿನದಲ್ಲೇ ಎಲ್ಲ ಹಂತಗಳಲ್ಲೂ ಹುಳು ಉಬ್ಬಿಕೊಂಡು, ಮೈ ಹಳದಿ ತಿರುಗಿ, ಮೇವು ಬಿಟ್ಟು ಅಂಚಿನಲ್ಲಿ ಓಡಾಡಲು ಶುರುಮಾಡಿದವು. ಅಮ್ಮ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ಬುಜ್ಜಿ ಶಾಲೆಯಿಂದ ಬಂದವಳು ಹುಳುಗಳನ್ನು ನೋಡಿ ಚಪ್ಪಾಳೆ ತಟ್ಟಿದಳು. ಹಳದಿ ಬರುತ್ತಿರುವುದು ಅವಳಿಗೆ ಬಣ್ಣ ಹತ್ತಿದ ಹಾಗೆ ಕಂಡಿದೆ. ಅಜ್ಜಿ, ಬಣ್ಣ ಬರ್ತಾ ಇದೆ, ನಾನು ನೀಲಿ ಸೊಪ್ಪು ಹಾಕಿದ್ದೆ, ಮೊದಲು ಹಳದಿ ಆಗಿ ಆಮೇಲೆ ನೀಲಿ ಆಗುತ್ತೇನೋ ಎಂದು ಕುಣಿದಾಡಿದಳು. ಅಮ್ಮ ಮೂಲೆಗೆ ಹೋಗಿ ಬಗ್ಗಿ ಆ ಎಲೆಗಳನ್ನು ನೋಡಿದಳು. ನಾನು ಬಾಗಿಲಲ್ಲೇ ಇದ್ದೆ. ಅಮ್ಮ ಹೊಡೆಯಲಿಲ್ಲ, ಕೂಗಾಡಲೂ ಇಲ್ಲ. ತಿರುಗಿ ನಿಂತು ಸಣ್ಣ ದನಿಯಲ್ಲಿ ಹೇಳಿದಳು.

“ನಿನ್ ಕೈಯಿಂದ್ಲೇ ಸತ್ತೋದ್ವು ಕಣೇ ಇವೆಲ್ಲಾ.”

ಅಮ್ಮನನ್ನು ದೂರಬೇಡ. ಸಾಕಿ ಬೆಳೆಸಿದ ಹುಳು ಕಣ್ಣೆದುರು ಸಾಯುವಾಗ ಯಾರ ಬಾಯಲ್ಲಿ ಯಾವ ಮಾತು ಬರುತ್ತದೆ ಎಂದು ಹೇಳಲಾಗದು. ಅವತ್ತಿನಿಂದ ಅವಳು ಮೊಮ್ಮಗಳಿಗೆ ಹಾಲಿನ ಕೆನೆ ಎತ್ತಿಡುತ್ತಾಳೆ, ಜಡೆ ಹೆಣೆಯುತ್ತಾಳೆ, ಒಂದು ಸಲ ನನ್ನೆದುರು ಅತ್ತೇಬಿಟ್ಟಳು. ಆ ಮಾತನ್ನು ಮಾತ್ರ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಹುಳುವನ್ನೆಲ್ಲ ಅಪ್ಪ ಮತ್ತು ಚಿಕ್ಕಪ್ಪನ ಮಗ ಮೋಹನ್‌ಬಾಬು ಸೇರಿ ತೋಟದ ಅಂಚಿನ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು. ಮಗುವನ್ನು ಆ ಕಡೆ ಬಿಡಬೇಡಿ ಎಂದು ನಾನು ಹೇಳಿದ್ದೆ. ಅವಳು ಮಾಳಿಗೆಯ ಮೇಲಿನಿಂದ ನೋಡಿದ್ದಾಳೆ.

ರೇಷ್ಮೆ ಇಲಾಖೆಯವರೊಬ್ಬರು ಬಂದು ಪರೀಕ್ಷೆ ಮಾಡಿ, ಇದು ಹಾಲುರೋಗ, ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಊರಲ್ಲಿ ಇನ್ನೆರಡು ಮನೆಯಲ್ಲೂ ಇದೆ ಎಂದರು. ಬುಜ್ಜಿಯನ್ನು ಅವರೆದುರು ನಿಲ್ಲಿಸಿ ಅದನ್ನೇ ಇನ್ನೊಮ್ಮೆ ಹೇಳಿಸಿದೆ. ಅವರು ಒಳ್ಳೆಯವರೇ, ಮಗುವಿನ ತಲೆ ಸವರಿ ಚೆನ್ನಾಗಿಯೇ ಹೇಳಿದರು. ಹೊರಡುವಾಗ ಮಾತ್ರ, ಆದರೂ ಹುಳುಮನೆಗೆ ಬಣ್ಣಗಿಣ್ಣ ತರಬಾರದು ಪುಟ್ಟಿ, ಗೊತ್ತಾಯ್ತಾ ಎಂದುಬಿಟ್ಟರು. ಅವಳು ಹಿಂದಿನದನ್ನೆಲ್ಲ ಬಿಟ್ಟು ಆ ಒಂದು ಮಾತನ್ನು ಹಿಡಿದುಕೊಂಡಳು. ರೋಗ ಬಂದ ಇನ್ನೆರಡು ಮನೆಯವರಿಗೂ ಅದೇ ಅನುಕೂಲವಾಯಿತು. ಅವರ ಮನೆಯ ಮಕ್ಕಳೂ ಅಚ್ಚು ಹಾಕಿದ ಕೈಯಲ್ಲೇ ಮನೆಗೆ ಹೋಗಿದ್ದರಲ್ಲ. ರೋಗಕ್ಕೆ ಹೆಸರು ಬೇಕಿತ್ತು, ನನ್ನ ಹೆಸರು ಹತ್ತಿರದಲ್ಲಿ ಸಿಕ್ಕಿತು.

ಶಾಲೆಯ ಸಮಿತಿ ಸೇರಿತು. ಅಧ್ಯಕ್ಷ ಗಂಗುಲಪ್ಪನವರು ನನ್ನನ್ನು ಚಿಕ್ಕಂದಿನಿಂದ ನೋಡಿದವರು, ಬೈಯಲಿಲ್ಲ. ಬೈದಿದ್ದರೆ ನಾನೂ ಜಗಳವಾಡುತ್ತಿದ್ದೆ, ಸ್ವಲ್ಪ ಹಗುರವಾಗುತ್ತಿತ್ತು. ನಗುನಗುತ್ತಲೇ, ಬೊಂಬೆ ಬರೆದು ಯಾರಮ್ಮ ಉದ್ಧಾರ ಆಗಿದ್ದಾರೆ, ಆ ಟೈಮಲ್ಲಿ ಎರಡಕ್ಷರ ಇಂಗ್ಲಿಷ್ ಹೇಳಿಕೊಡು, ಮಕ್ಕಳು ಕಾನ್ವೆಂಟ್ ವ್ಯಾನ್ ಹತ್ತೋದಾದ್ರೂ ನಿಲ್ಲುತ್ತೆ ಎಂದರು. ಗಂಗರಾಜು ಸರ್ ನನ್ನ ಮುಖ ನೋಡದೆ ಟೈಮ್‌ಟೇಬಲ್ ತಿದ್ದಿದರು. ಮಕ್ಕಳು ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ನಾನೇ ಕಿತ್ತೆ. ಬೇರೆ ಯಾರಾದರೂ ಕಿತ್ತರೆ ಹರಿದುಹಾಕುತ್ತಾರೆ ಎಂದು ನಾನೇ ಕಿತ್ತೆ, ಆದರೂ ಅರ್ಧಕ್ಕರ್ಧ ಹರಿದವು. ಈಗ ಕೊನೆಯ ಪೀರಿಯಡ್ಡಿನಲ್ಲಿ ದಿಸ್ ಈಸ್ ಎ ಬೋಟ್ ಎಂದು ಹೇಳಿಕೊಡುತ್ತೇನೆ. ಮೊನ್ನೆ ಐದು ಕಾಲಿನ ಮೇಕೆಯವನ ನೋಟ್‌ಬುಕ್ ನೋಡಿದೆ. ಹಿಂದಿನ ಪುಟದಲ್ಲಿ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ ಬರೆದಿದ್ದಾನೆ. ಸಹಿ ಹಾಕಿ ಕೊಟ್ಟೆ. ನನಗೆ ಅವತ್ತು ಆದ ಸಂಕಟ ಗಂಗುಲಪ್ಪನವರ ಮಾತಿನಿಂದಲೂ ಆಗಿರಲಿಲ್ಲ.

ಇದೆಲ್ಲ ಹೋದರೆ ಹೋಗಲಿ. ಮಾರ್ಚಿಗೆ ನನ್ನ ಅವಧಿಯೂ ಮುಗಿಯುತ್ತದೆ, ಇನ್ನೊಬ್ಬರು ಬರುತ್ತಾರೆ, ಬರದೆಯೂ ಇರಬಹುದು. ನನಗೆ ಬೇಕಾಗಿರುವುದು ಬುಜ್ಜಿ ಒಬ್ಬಳೇ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಾಳೆ ಅಣ್ಣ. ಕ್ಲಾಸಿನಲ್ಲೂ ಹಾಗೇ, ಮನೆಯಲ್ಲೂ ಹಾಗೇ. ಬರೆ ಎಂದರೆ ಅ ಆ ಬರೆಯುತ್ತಾಳೆ, ಮಗ್ಗಿ ಬರೆಯುತ್ತಾಳೆ, ಬರೆದಾದ ತಕ್ಷಣ ಕೈ ಮತ್ತೆ ಒಳಗೆ. ಹಿಂದೆ ಎದೆಗವಚಿಕೊಂಡು ತಿರುಗುತ್ತಿದ್ದ ಮೇಕೆಮರಿಯನ್ನು ದೂರದಿಂದ ನೋಡುತ್ತಾಳೆ. ಬೆಳಗ್ಗೆ ಅತ್ತಿಗೆ ರಂಗೋಲಿ ಹಾಕುವಾಗ ಪುಡಿಯ ಡಬ್ಬಿ ಹಿಡಿದುಕೋ ಎಂದರೆ ಒಳಗೆ ಓಡುತ್ತಾಳೆ. ನಾನು ಅವಳೆದುರು ಕೂತು ಬೇಕಂತಲೇ ಕೆಟ್ಟದಾಗಿ ಆನೆ ಬರೆದೆ, ನಗಲಿ ಎಂದು, ತಿದ್ದಲಿ ಎಂದು. ಮೊದಲಾಗಿದ್ದರೆ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳುತ್ತಿದ್ದಳು. ಈಗ ಚೆನ್ನಾಗಿದೆ ಅತ್ತೆ ಎಂದು ಹೇಳಿ ಎದ್ದು ಹೋದಳು. ದೊಡ್ಡವರು ಮಕ್ಕಳ ಚಿತ್ರ ನೋಡಿ ಹೇಳುತ್ತಾರಲ್ಲ, ಅದೇ ದನಿಯಲ್ಲಿ. ಅವಳಿಗಿನ್ನೂ ಏಳು ವರ್ಷ.

ಅಮ್ಮನಿಗೆ ತೋಚಿದ್ದು ಅಮ್ಮ ಮಾಡಿದಳು. ಮಗು ಬೆದರಿದೆ ಎಂದು ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ಬಂದಳು. ನಾವು ಚಿಕ್ಕವರಿದ್ದಾಗ ನಿನಗೆ ಜ್ವರ ಬಿಡದೆ ಕಾಡಿದಾಗಲೂ ಅಲ್ಲಿಗೇ ಹೋಗಿದ್ದಳಲ್ಲ. ನನಗೆ ಅದರ ಬಗ್ಗೆ ತಕರಾರಿಲ್ಲ, ಹೋಗಿ ಬಂದ ಮೇಲೆ ಅಮ್ಮನ ಮುಖವಾದರೂ ಸ್ವಲ್ಪ ತಿಳಿಯಾಯಿತು. ಆದರೆ ತಾಯತವನ್ನು ಕೊರಳಿಗೆ ಕಟ್ಟದೆ ಮಗುವಿನ ಬಲಗೈಗೆ ಕಟ್ಟಿಕೊಂಡು ಬಂದಳು. ನಿನ್ ಕೈಯಿಂದ್ಲೇ ಎಂದವಳು ಅವಳೇ, ಕೈಗೇ ತಾಯತ ಕಟ್ಟಿದವಳೂ ಅವಳೇ. ಮಗು ಅದನ್ನು ಹೇಗೆ ಅರ್ಥ ಮಾಡಿಕೊಂಡಿತೋ. ಬಿಚ್ಚಿ ಕೊರಳಿಗೆ ಕಟ್ಟೋಣ ಎಂದರೆ ಬುಜ್ಜಿಯೇ ಬೇಡ ಎಂದು ಕೈ ಹಿಂದಕ್ಕೆಳೆದುಕೊಂಡಳು. ಅಪ್ಪ ಇನ್ನೊಂದು ತೀರ್ಮಾನ ಮಾಡಿದ್ದಾರೆ. ಬರುವ ಜೂನ್‌ನಿಂದ ಅವಳನ್ನು ಚಿಂತಾಮಣಿಯ ಕಾನ್ವೆಂಟಿಗೆ ವ್ಯಾನಿನಲ್ಲಿ ಕಳಿಸುತ್ತಾರಂತೆ. ಅಲ್ಲೂ ಡ್ರಾಯಿಂಗ್ ಇದೆಯಮ್ಮ ಎಂದು ನನ್ನನ್ನು ಸಮಾಧಾನ ಮಾಡಲು ಒಂದು ಪುಸ್ತಕ ತಂದು ತೋರಿಸಿದರು. ಪುಟ ಪುಟದಲ್ಲೂ ಯಾರೋ ಬರೆದಿಟ್ಟ ಸೇಬು, ಛತ್ರಿ, ದೋಣಿ. ಗೆರೆಯಿಂದ ಆಚೆ ಹೋಗದ ಹಾಗೆ ಬಣ್ಣ ತುಂಬಬೇಕು. ನಾನು ಚೆನ್ನಾಗಿದೆ ಅಪ್ಪ ಎಂದೆ.

ನನಗೆ ತಿಳಿದ ಮಟ್ಟಿಗೆ ಇದು ನಾಚಿಕೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ನಿನಗೂ ಗೊತ್ತಾದರೆ ನೀನೂ ಬೈಯುತ್ತೀಯ ಎಂದು ಹೆದರಿ ಫೋನಿನಿಂದ ತಪ್ಪಿಸಿಕೊಳ್ಳುತ್ತಿದ್ದಾಳೆ. ನಾನು ಹೇಳಿದ್ದಾಯಿತು, ಅವಳಮ್ಮ ಹೇಳಿದ್ದಾಯಿತು, ಆಫೀಸರು ಹೇಳಿದ್ದಾಯಿತು. ಉಳಿದಿರುವವನು ನೀನೊಬ್ಬ. ಅವಳಿಗೆ ಅಂತಲೇ ಒಂದು ಕಾಗದ ಬರೆ. ದೊಡ್ಡ ಅಕ್ಷರದಲ್ಲಿ ಬರೆ, ಅವಳೇ ಓದಿಕೊಳ್ಳಲಿ. ಬೇಕಿದ್ದರೆ ಸ್ವಲ್ಪ ಗದರಿಸು, ಯಾಕೆ ಬರೆಯುವುದು ಬಿಟ್ಟೆ ಎಂದು ಕೇಳು, ನನಗೆ ನನ್ನದೇ ಒಂದು ಚಿತ್ರ ಬೇಕು, ಬರೆದು ಕಳಿಸು ಎಂದು ಹಠ ಮಾಡು. ನಿನ್ನ ಮಾತನ್ನು ಅವಳು ಯಾವತ್ತೂ ತೆಗೆದುಹಾಕಿದವಳಲ್ಲ. ಹಾಗೆಂದು ನನಗೆ ದೊಡ್ಡ ಭರವಸೆ ಏನೂ ಇಲ್ಲ. ಈ ವಯಸ್ಸಿನಲ್ಲಿ ಬಿಟ್ಟ ಕೈ ಮತ್ತೆ ಹಾಗೇ ಬರುವುದಿಲ್ಲ ಅಣ್ಣ. ಬರೆಯಬಹುದು, ಚೆನ್ನಾಗಿಯೂ ಬರೆಯಬಹುದು, ಆ ಸದ್ದು ಬರೆದ ಮಗು ಬೇರೆ. ಅವಳು ಹೋದಳು ಎಂದು ನನಗೆ ಗೊತ್ತಾಗಿದೆ. ಉಳಿದವಳು ನಿನ್ನ ಕೂಡ ಫೋನಿನಲ್ಲಾದರೂ ಮಾತಾಡಲಿ, ಅಷ್ಟಾದರೆ ಸಾಕು.

ಈಗ ಶಾಲೆ ಮುಗಿಸಿ ಬಂದ ಮೇಲೆ ನಾನೇ ಒಂದು ಸಲ ಕೇಳಿ ನೋಡಿದೆ. ನಿಮ್ಮಪ್ಪನಿಗೆ ಕಾಗದ ಬರೀತಿದ್ದೀನಿ, ಅಪ್ಪನ ಚಿತ್ರ ಒಂದು ಬರೆದುಕೊಡು, ಕವರಿನಲ್ಲಿ ಇಟ್ಟು ಕಳಿಸ್ತೀನಿ ಎಂದೆ. ಇಷ್ಟು ದಿನದ ಹಾಗೆ ಬೇಡ ಎನ್ನಲಿಲ್ಲ. ಅಪ್ಪನ ಚಿತ್ರಾನಾ ಎಂದು ಕೇಳಿ, ನಿನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದಾಳೆ. ಹೋಗಿ ನೋಡಬಾರದು ಎಂದು ನಾನು ಇಲ್ಲೇ ಕೂತಿದ್ದೇನೆ. ಮಗು ಬರೆಯುವಾಗ ಹೆಗಲ ಮೇಲಿಂದ ಬಗ್ಗಿ ನೋಡಬಾರದು.

ಅಪ್ಪ ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಅತ್ತಿಗೆ ಬೇರೆ ಕಾಗದ ಬರೆಯುತ್ತಾಳಂತೆ, ಇದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತು, ಅಮ್ಮನಿಗೆ ಗೊತ್ತಿಲ್ಲ. ಮೋಹನ್‌ಬಾಬು ಈಗಲೇ ಶಿಡ್ಲಘಟ್ಟಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಪೋಸ್ಟಿಗೆ ಕೊಡುತ್ತೇನೆ. ಚಳಿಗೆ ಕಿವಿ ಮುಚ್ಚಿಕೋ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅದನ್ನು ನನಗೇ ಬರೆ, ಅಮ್ಮನಿಗೆ ಬರೆಯಬೇಡ.

ನಮಸ್ಕಾರಗಳೊಂದಿಗೆ,
ನಿನ್ನ ತಂಗಿ
ಸೌಜನ್ಯ

ತಾ.ಕ.: ಅಣ್ಣ, ಮೋಹನ್‌ಬಾಬು ಬೈಕ್ ಸ್ಟಾರ್ಟ್ ಮಾಡಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ. ಮೇಲೆ ಬರೆದದ್ದನ್ನು ಹರಿದು ಬೇರೆ ಬರೆಯಲು ಸಮಯವಿಲ್ಲ. ಅವಳಿಗೆ ಚಿತ್ರ ಕೇಳಬೇಡ. ಗದರಿಸಲೂ ಬೇಡ. ಅವಳು ಬರೆಯಲು ಹೋಗಿರಲಿಲ್ಲ. ನೀನು ಕಳೆದ ರಜೆಗೆ ಬಂದಾಗ ಬಾಗಿಲ ಹಿಂದಿನ ಗೋಡೆಗೆ ನಿನ್ನನ್ನು ಒರಗಿಸಿ ನಿಲ್ಲಿಸಿ, ಮೈಸುತ್ತ ಗೆರೆ ಎಳೆದು, ಆಮೇಲೆ ಬಣ್ಣ ತುಂಬಿದ್ದಳಲ್ಲ, ನಿನ್ನಷ್ಟೇ ಎತ್ತರದ್ದು, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬೂಟು, ಪ್ಯಾಂಟು, ಕೈ ಎಲ್ಲ ಹೋಗಿತ್ತು. ಯಾಕೆ ಎಂದೆ. “ಅಪ್ಪಂಗೂ ನಾನೇ ಬಣ್ಣ ಹಚ್ಚಿದ್ದು ಅತ್ತೆ. ಈಗ ಒರೆಸ್ಬಿಟ್ರೆ ಅಪ್ಪ ಸಾಯಲ್ಲ ಅಲ್ವಾ” ಎಂದಳು. ನಾನು ನಾಚಿಕೆ ಎಂದುಕೊಂಡಿದ್ದೆ. ನಿನ್ನ ಫೋನಿನ ಹತ್ತಿರ ಬಾರದೇ ಇದ್ದದ್ದೂ ಈ ಹೆದರಿಕೆಗೇ. ಹಾಗೇನೂ ಆಗಲ್ಲ ಎಂದು ನನಗೆ ಬಂದ ಮಾತನ್ನೆಲ್ಲ ಹೇಳಿದೆ, ಕೇಳಿಸಿಕೊಂಡಳು, ಒರೆಸುವುದನ್ನು ನಿಲ್ಲಿಸಲಿಲ್ಲ. ರಜೆ ಸಿಕ್ಕರೆ ಬಾ, ಸಿಗದಿದ್ದರೂ ಏನಾದರೂ ಹೇಳಿ ಬಾ. ಅವಳ ಕಣ್ಣೆದುರು ಬಂದು ನಿಂತುಕೋ. ಗೋಡೆಯ ಮೇಲಿನ ನಿನ್ನ ಮುಖ ಅವಳಿಗೆ ಎಟುಕುತ್ತಿರಲಿಲ್ಲ. ಅತ್ತೆ, ಎತ್ಕೋ ಎಂದಳು. ಎತ್ತಿಕೊಂಡೆ ಅಣ್ಣ. ಒರೆಸಿದಳು.